ವಿಜಯಶ್ರೀ ಅಕ್ಕೋರು ಬಿಚ್ಚಿದ ಮೌಸು

ಸಿಂದಗಿಯಲ್ಲಿ ಬಸಂತರಾಯರು ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿನಲ್ಲಿ ಕಲಿಸಲು ವಿಜಯಶ್ರೀ ಹನ್ನೊಂದು ವರ್ಷದಿಂದ ಯಂಕಂಚಿಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ಬಂದವಳೇ ಎಂಟು ಟೈಪ್‌ರೈಟರುಗಳ ಧೂಳು ಝಾಡಿಸಿ, ಒಂದೊಂದಕ್ಕೂ ಹೊಲಿಗೆ ಯಂತ್ರದ ಎಣ್ಣೆ ಹನಿಸಿ, ಆಮೇಲೆ ಹಾಜರಿ ಕರೆಯುವವಳು. ಅವಳ ಕೈಯಲ್ಲಿ ಕಲಿತ ಎಷ್ಟೋ ಮಂದಿ ಕಚೇರಿಗಳಲ್ಲಿ ಗುಮಾಸ್ತರಾಗಿದ್ದರು. ಅವಳು ಮಾತ್ರ ಅದೇ ಕುರ್ಚಿಯಲ್ಲಿದ್ದಳು.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಬಸಂತರಾಯರು ಸೊಲ್ಲಾಪುರದಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ತಂದರು. ಅದನ್ನಿಟ್ಟ ಕೋಣೆಯ ಕೀಲಿಕೈ ತನಗೇ ಬೇಕೆಂದು ವಿಜಯಶ್ರೀ ಹಟ ಹಿಡಿದು ಪಡೆದಳು. ಅದಕ್ಕಾಗಿಯೇ ಮೊದಲೇ ಆರು ತಿಂಗಳು ಭಾನುವಾರಗಳೆಲ್ಲ ವಿಜಾಪುರಕ್ಕೆ ಹೋಗಿ ಕಂಪ್ಯೂಟರ್ ಕಲಿತಿದ್ದಳು. ಬಳಸುವುದನ್ನು ಅಲ್ಲಿ ಕಲಿಸಿದ್ದರು. ಕೆಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಹದಿನೈದು ದಿನಕ್ಕೆ ಮೌಸು ಕೆಟ್ಟಿತು. ಹೊಟ್ಟೆಯಲ್ಲಿ ರಬ್ಬರಿನ ಗುಂಡಿದ್ದ, ಬಣ್ಣ ಹಳದಿಗಟ್ಟಿದ ಹಳೆಯ ಕಾಲದ್ದು. ಪರದೆಯ ಮೇಲೆ ಬಾಣ ಕುಂಟತೊಡಗಿತು. ಯಂತ್ರಕ್ಕೆ ಅವಳು ಬಲ್ಲ ಔಷಧ ಒಂದೇ. ಗುಂಡು ತೆಗೆದು ಒಳಗೆ ಎರಡು ಹನಿ ಎಣ್ಣೆ ಬಿಟ್ಟಳು. ಕುಂಟುತ್ತಿದ್ದ ಬಾಣ ನಿಂತೇಬಿಟ್ಟಿತು.

“ಅಕ್ಕೋರ, ಟಕಟಕ ಬಡಿಯೋ ಕೈ ನಿಮ್ದು. ಇದು ನಾಜೂಕಿನ ಮಾಲು,” ಎಂದರು ಬಸಂತರಾಯರು. “ಸೋಮವಾರ ಹೊಸಾ ಬ್ಯಾಚ್ ಐತಿ. ಕೀಲಿಕೈ ಕೊಡ್ರಿ, ವಿಜಾಪುರದಿಂದ ಒಬ್ಬ ಮಾಸ್ತರನ್ನ ಕರಸ್ತೇನಿ.”

“ಸೋಮವಾರ ಇನ್ನಾ ಬಂದಿಲ್ಲಲ್ರಿ ಸಾವಕಾರ್ರ.”

“ಬಂದ್ರ ಏನ್ ಮಾಡ್ತೀರಿ?”

“ಕಲಸ್ತೇನಿ.”

“ಮೌಸ್ ನಿಂತೈತಿ, ನಿಮ್ಮ ಬಾಯಿ ನಿಂತಿಲ್ಲ!”

ಶನಿವಾರ ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಅವಳು ಮೌಸನ್ನು ಮುಂದಿಟ್ಟುಕೊಂಡು ಕುಳಿತಳು. ಟೈಪ್‌ರೈಟರಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಅಲ್ಲಿ ಜಾರಬೇಕು. ಇಲ್ಲಿ ಗುಂಡು ಉರುಳಿ ಪಕ್ಕದ ಎರಡು ಕಡ್ಡಿಗಳನ್ನು ತಿರುಗಿಸಬೇಕು. ಜಾರಿದರೆ ಕಡ್ಡಿ ತಿರುಗುವುದಿಲ್ಲ. ಎಣ್ಣೆ ಬಿಟ್ಟದ್ದು ತನ್ನದೇ ತಪ್ಪು. ಒಪ್ಪಿಕೊಂಡಳು, ಅಳುತ್ತ ಕೂರಲಿಲ್ಲ. ಔಷಧ ಅಂಗಡಿಗೆ ಹೋಗಿ ಸ್ಪಿರಿಟ್ಟು, ಹತ್ತಿ ಕೇಳಿದಳು.

“ಯಾರಿಗೆ ಸೂಜಿ ಮಾಡೋರಿದ್ದೀರಿ ಅಕ್ಕೋರ?” ಅಂಗಡಿಯ ಅಬ್ದುಲರಜಾಕ ನಕ್ಕ.

“ಸಾವಕಾರ್ರಿಗೆ. ಜಲ್ದಿ ಕೊಡೋ.”

ಗುಂಡನ್ನು ಸಾಬೂನಿನಲ್ಲಿ ತೊಳೆದಳು. ಕಡ್ಡಿಗಳ ಸುತ್ತ ಬಳೆಯಂತೆ ಕಟ್ಟಿದ್ದ ಕರಿ ಜಿಡ್ಡನ್ನು ಕೆರೆದು ಸ್ಪಿರಿಟ್ಟಿನಲ್ಲಿ ಒರೆಸಿದಳು. ಮೊದಲ ರೋಗ ಈ ಜಿಡ್ಡೇ ಆಗಿತ್ತು. ಈಗ ಬಾಣ ಎಡಕ್ಕೆ ಬಲಕ್ಕೆ ಓಡಿತು, ಮೇಲಕ್ಕೂ ಕೆಳಕ್ಕೂ ಅಲುಗಲಿಲ್ಲ. ಗುಂಡು ತೆಗೆದು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ ನೋಡಿದಳು. ಒಂದಕ್ಕೆ ಬಾಣ ಓಡುತ್ತದೆ, ಇನ್ನೊಂದಕ್ಕೆ ಇಲ್ಲ. ಅಂದ ಮೇಲೆ ವೈರು ಸರಿಯಿದೆ, ಕಂಪ್ಯೂಟರ್ ಸರಿಯಿದೆ. ರೋಗ ಈ ಒಂದು ಕಡ್ಡಿಯ ದಾರಿಯಲ್ಲಿದೆ.

ಕಂಪ್ಯೂಟರ್ ಆರಿಸಿ, ವೈರು ಕಿತ್ತು, ಟೈಪ್‌ರೈಟರಿನ ಸ್ಕ್ರೂಡ್ರೈವರಿನಿಂದಲೇ ಮೌಸು ಬಿಚ್ಚಿದಳು. ಪ್ರತಿ ಕಡ್ಡಿಯ ತುದಿಗೂ ಸಣ್ಣ ಸಣ್ಣ ಕಿಂಡಿಗಳ ಚಕ್ರವಿತ್ತು. ಒಂದರ ಕಿಂಡಿಗಳು ತೆರೆದಿದ್ದವು. ಇನ್ನೊಂದರ ಕಿಂಡಿಗಳಲ್ಲಿ ಅವಳು ಬಿಟ್ಟ ಎಣ್ಣೆ ಧೂಳಿನೊಡನೆ ಸೇರಿ ಮೆತ್ತಿಕೊಂಡಿತ್ತು. ಆ ಚಕ್ರದ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸರಿಯಿದ್ದುದನ್ನು ನೋಡಿ, ಕೆಟ್ಟದ್ದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಅದರಂತೆ ಮಾಡಿದಳು. ಮುಚ್ಚುವಾಗ ವೈರು ಸಿಕ್ಕಿಕೊಂಡಿತು. ಮತ್ತೆ ಬಿಚ್ಚಿ, ಮತ್ತೆ ಮುಚ್ಚಿ, ಕಂಪ್ಯೂಟರ್ ಹಚ್ಚಿದಳು. ಬಾಣ ನಾಲ್ಕೂ ದಿಕ್ಕಿಗೆ ಓಡಿತು.

ಸೋಮವಾರ ಬಸಂತರಾಯರು ಬಂದು ಇಣುಕಿದರು. ಆರು ಮಂದಿ ಹುಡುಗಿಯರ ನಡುವೆ, ಹಾಸಿದ ಪೇಪರಿನ ಮೇಲೆ, ಮೌಸು ಮತ್ತೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

“ಇದರಾಗ ಎಣ್ಣಿ ಬಿಟ್ಟಾಕಿ ನಾನು,” ಎಂದು ವಿಜಯಶ್ರೀ ಹುಡುಗಿಯರಿಗೆ ಹೇಳುತ್ತಿದ್ದಳು. “ನೀವು ಬಿಡಬ್ಯಾಡ್ರಿ.”

“ಅಕ್ಕೋರ! ರಿಪೇರಿ ಆದದ್ದನ್ನ ಮತ್ತ ಬಿಚ್ಚೀರೇನ್ರಿ?”

“ಹೌದ್ರಿ. ನಾ ಒಬ್ಬಾಕಿ ಕಲ್ತರ ಏನ್ ಬಂತು?”

“ಕೀಲಿಕೈ...”

“ನನ್ನ ಹಂತ್ಯಾಕ ಐತಿ, ನನ್ನ ಹಂತ್ಯಾಕನ ಇರ್ತೈತಿ. ಬೇಕಾದರ ನೀವೂ ಬಂದು ಕುಂದರ್ರಿ, ಕಲೀರಿ. ಚಪ್ಪಲಿ ಹೊರಗ ಬಿಡ್ರಿ.”

ಬಸಂತರಾಯರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟರು.