ಯಾರೂ ಕೇಳಿಸಿಕೊಳ್ಳದ ಹಾಗೆ ಕೇಳುವುದು

ನನ್ನ ನೋಟ ಅಂಚುಗಳಿಂದ ಕಿರಿದಾಗುತ್ತಾ ಹೋಗುತ್ತದೆ, ಸದ್ಯಕ್ಕೆ ತಡೆಯುವ ಔಷಧಿ ಇಲ್ಲ ಎಂದು ಸೇಲಂನ ಕಣ್ಣಿನ ಡಾಕ್ಟರು ಹೇಳಿದ್ದನ್ನು ಗಂಡನನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ತಮಿಳುನಾಡಿನ ಪಾಲಕೋಡಿನಲ್ಲಿ ನಮ್ಮ ಜೊತೆಗೇ ಇರುವ ಅತ್ತೆಗಂತೂ ತಿಳಿಯಲೇಬಾರದು ಅಂದುಕೊಂಡಿದ್ದೆ. ಕೈ ಹಿಡಿದು ನಡೆಸಬೇಕಾದ ಸೊಸೆ ಯಾರಿಗೆ ಬೇಕು?

ಅಕ್ಷರಗಳು ಕೈಕೊಡತೊಡಗಿದಾಗ ದೊಡ್ಡ ಕಂಪನಿಯೊಂದರ ಆಪ್ ಹಾಕಿಕೊಂಡು ಪುಸ್ತಕ ಕೇಳತೊಡಗಿದೆ. ನಾನು ಶಾಲೆಯಲ್ಲಿ ಓದಿದ್ದು ತಮಿಳು. ಮನೆಯಲ್ಲಾಡುವ ಕನ್ನಡದಲ್ಲಿ ಇಷ್ಟೊಂದು ಕಥೆಗಳಿವೆ ಎಂದು ಕಿವಿಯಿಂದಲೇ ತಿಳಿಯಿತು. ನಡುನಡುವೆ, ಕಣ್ಣು ಹೋದವರು ಹೇಗೆ ಬದುಕುತ್ತಾರೆ ಎಂಬ ತಮಿಳು ಪುಸ್ತಕಗಳನ್ನೂ ಗುಟ್ಟಾಗಿ ಕೇಳುತ್ತಿದ್ದೆ.

ಒಂದು ಸಂಜೆ ಅತ್ತೆಯ ಜೊತೆ ಟಿವಿ ಮುಂದೆ ಕೂತಿದ್ದೆ. ಟಿವಿಯಲ್ಲೂ ಫೋನಿನಲ್ಲೂ ಆ ಆಪ್‌ಗೆ ಒಂದೇ ಅಕೌಂಟು. ಇದ್ದಕ್ಕಿದ್ದಂತೆ ಟಿವಿಯಿಂದ ಒಂದು ಹೆಣ್ಣುದನಿ, ಕುರುಡುತನದ ಜೊತೆ ಬಾಳುವ ಬಗ್ಗೆ ನಿಮಗಾಗಿ ಹೊಸ ಪುಸ್ತಕ ಬಂದಿದೆ ಎಂದು ತಮಿಳಿನಲ್ಲಿ ಸಾರಿತು. ಪಕ್ಕದಲ್ಲೇ ಬಿದ್ದಿದ್ದ ರಿಮೋಟು ನನಗೆ ಕಾಣಲಿಲ್ಲ. ನಾನು ಚಾಪೆಯನ್ನೆಲ್ಲ ತಡಕಾಡಿದೆ. ಅತ್ತೆ ಏನೂ ಕೇಳದೆ ಅದನ್ನೆತ್ತಿ ನನ್ನ ಕೈಗಿಟ್ಟರು. ಬೈದಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮರುದಿನವೇ ಅಕೌಂಟು ಅಳಿಸಿದೆ. ಕೊಂಡ ಪುಸ್ತಕಗಳೆಲ್ಲ ಹೋಗುತ್ತವೆ ಎಂದು ಆಪ್ ಎಚ್ಚರಿಸಿತು. ಹೋದವು. ಮುಂದೆ ಕತ್ತಲಾದಾಗ ಈ ದನಿಗಳೂ ಇರುವುದಿಲ್ಲವಲ್ಲ! ಗೆಳತಿಯೊಬ್ಬಳು ಕದ್ದ ಪ್ರತಿಗಳನ್ನು ಕಳಿಸುತ್ತೇನೆಂದಳು. ಬರೆದವರಿಗೂ ದನಿ ಕೊಟ್ಟು ಓದಿದವರಿಗೂ ಮೋಸ ಮಾಡಿ ಕೇಳಲು ಮನಸ್ಸಾಗಲಿಲ್ಲ.

ವಿಚಾರಿಸಿಕೊಂಡು ಸೇಲಂನಲ್ಲಿ ಕಣ್ಣು ಕಾಣದವರಿಗಾಗಿ ನಡೆಯುವ ಸಣ್ಣ ಗ್ರಂಥಾಲಯಕ್ಕೆ ಹೋದೆ. ಅಲ್ಲಿದ್ದ ಹೆಂಗಸು ಯಾವ ಭಾಷೆ ಬೇಕು ಎಂದಷ್ಟೇ ಕೇಳಿದರು. ಬರೆದವರ ಒಪ್ಪಿಗೆ ಪಡೆದು, ಜನ ತಾವಾಗಿಯೇ ಬಂದು ಓದಿ ರೆಕಾರ್ಡ್ ಮಾಡಿಕೊಟ್ಟ ಪುಸ್ತಕಗಳು. ಅವನ್ನು ಇಂಟರ್ನೆಟ್ ಬೇಡದ, ರೇಡಿಯೊದಂಥ ಪುಟ್ಟ ಪೆಟ್ಟಿಗೆಯೊಂದಕ್ಕೆ ತುಂಬಿಕೊಟ್ಟರು. ನಾನು ಏನು ಕೇಳುತ್ತೇನೆಂಬುದು ಅವರಿಗೂ ತಿಳಿಯುವುದಿಲ್ಲವಂತೆ. ಕನ್ನಡದವು ಕೆಲವೇ ಇದ್ದವು. ಅದೇ ಸಾಕೆನಿಸಿತು.

ವಾಪಸು ಬರುವಾಗ ಓಮಲೂರಿನಲ್ಲಿ ಬಸ್ಸು ತುಂಬಾ ಹೊತ್ತು ನಿಂತುಬಿಟ್ಟಿತು. ಪಾಲಕೋಡು ಮುಟ್ಟುವಾಗ ಮಬ್ಬುಗತ್ತಲು. ಇಳಿಯುವ ಮೆಟ್ಟಿಲು ಕಾಣಲಿಲ್ಲ. ಕಂಬಿ ಹಿಡಿದು ನಿಂತೇ ಇದ್ದೆ, ಹಿಂದಿನವರು ತಳ್ಳುತ್ತಿದ್ದರು. ಕೆಳಗಿನಿಂದ ಯಾರೋ ನನ್ನ ಮೊಣಕೈ ಹಿಡಿದರು.

"ಕಾಲು ಇಡು, ನಾನಿವ್ನಿ," ತಡವಾಯಿತೆಂದು ಸ್ಟಾಪಿಗೆ ಬಂದು ಕಾಯುತ್ತಿದ್ದ ಅತ್ತೆಯ ದನಿ. ನೆಲ ಸಿಕ್ಕ ಮೇಲೆ ಮೆಲ್ಲಗೆ ಕೇಳಿದರು, "ಎಷ್ಟ್ ದಿನದಿಂದ ಇಂಗೈತೆ?"

ಎಲ್ಲ ಹೇಳಿದೆ. ಅವರು ನನ್ನ ಕೈ ಹಿಡಿದೇ ನಡೆದರು. ಮನೆ ಹತ್ತಿರವಾದಾಗ, "ನಂಗೂ ಬಯವಾಗ್ತೈತೆ," ಅಂದರು. ಆದರೂ ಹಿಡಿದ ಕೈ ಬಿಡಲಿಲ್ಲ.