ಹಗೇವಿನೊಳಗಿನ ಕಂದೀಲು

ಕಂಪನಿಯ ಕೋಟು ಹಾಕಿಕೊಂಡ ಮೇಲೆ ನಾನು ಮನುಷ್ಯರನ್ನು ನೋಡುವ ರೀತಿಯೇ ಬದಲಾಯಿತು. ಮಿರಜಿನಿಂದ ಟಾಂಗಾದಲ್ಲಿ ಸಾಂಗ್ಲಿಗೆ ಹೋಗುವಾಗ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದೆ. ಮುಂಬಯಿಯ ಅಷ್ಟು ದೊಡ್ಡ ಅರಿಷಿಣದ ಕಂಪನಿ, ಅದರ ಸಾಂಗ್ಲಿ ಶಾಖೆಗೆ ನಾನೊಬ್ಬ ಕಾರಕೂನ. ಆರು ತಿಂಗಳು ನೋಡಿ ನೌಕರಿ ಕಾಯಂ ಮಾಡುತ್ತೇವೆ ಎಂದಿದ್ದರು. ಆರನೆಯ ತಿಂಗಳು ನಡೆದಿತ್ತು.

ನಮ್ಮ ಕಡೆ ಅರಿಷಿಣವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಾರೆ. ಎರಡಾಳು ಆಳ, ಮೇಲೆ ಒಬ್ಬ ಮನುಷ್ಯ ತೂರುವಷ್ಟೇ ಬಾಯಿ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಹವೆ ನಿಂತಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಲ್ಲ. ಇಳಿಯುವವನು ಅತ್ತ ದೂರ ನಿಂತು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುತ್ತಿದ್ದ, ದೀಪ ಅವನಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ಕಂದೀಲು ಹಿಡಿಯುವ ಕೆಲಸ ಅವನ ತಮ್ಮನದೋ ಅಳಿಯನದೋ, ಅಂತೂ ಮನೆಯವರದೇ. ಅವನು ಸತ್ತರೆ ಯಾರು ಅಳಬೇಕೋ ಅವರೇ ದೀಪ ನೋಡಬೇಕು ಎಂಬುದು ಹಮಾಲರ ಪದ್ಧತಿ.

ಕಂಪನಿಗೆ ಇದು ಸೇರಲಿಲ್ಲ. ಮನೆಯವರು ಸುಮ್ಮನೆ ಹೊತ್ತು ಕಳೆಯುತ್ತಾರಂತೆ. ಇನ್ನು ಮುಂದೆ ಕಾರಕೂನನೇ ದೀಪ ನೋಡಿ ಕಾಗದದಲ್ಲಿ ಬರೆಯಬೇಕು ಎಂದು ಮ್ಯಾನೇಜರ್ ಹುಕುಂ ಹೊರಡಿಸಿದರು. ನನಗೆ ಹೆಮ್ಮೆಯೇ ಆಯಿತು.

ಅಂದು ಮಿರಜಿನಲ್ಲಿ ರೈಲಿನ ಡಬ್ಬಿ ಕಾಯುತ್ತಿತ್ತು. ಮುಂಜಾನೆ ತೆರೆದ ಹಗೇವಿನಿಂದ ಮಧ್ಯಾಹ್ನಕ್ಕೇ ಮಾಲು ತೆಗೆಯಬೇಕಿತ್ತು. ಮ್ಯಾನೇಜರ್ ಛತ್ರಿ ಹಿಡಿದು ನಿಂತು, "ಝಾಲಾ ಕಾ?", ಆಯಿತೇ ಎಂದು ಮರಾಠಿಯಲ್ಲಿ ಎರಡು ಸಲ ಕೇಳಿದರು. ನಾನು ಕಂದೀಲು ಇಳಿಬಿಟ್ಟೆ. ಅರ್ಧಕ್ಕೆ ಹೋಗುವುದರೊಳಗೆ ದೀಪ ಆರಿತು.

ಗಾಳಿಗೆ ಆರಿರಬೇಕು ಎಂದುಕೊಂಡೆ. ಹಗೇವಿನೊಳಗೆ ಎಲ್ಲಿಯ ಗಾಳಿ? ಗೊತ್ತಿದ್ದೂ ಹಾಗೆ ಅಂದುಕೊಂಡೆ. ಕಂದೀಲು ಮೇಲೆಳೆದು ಕೋಟಿನ ಮರೆಗೆ ಹಿಡಿದೆ.

ಇಳಿಯಬೇಕಾದವನು ಮ್ಹೈಸಾಳದ ಹಮಾಲ, ನನ್ನ ಅಪ್ಪನ ವಯಸ್ಸಿನವನು. ದೂರದಿಂದಲೇ ಕೂಗಿದ: "ದೀಪ ಉರೀತೈತೇನ್ರಿ, ಕಾರಕೂನ್ರ?"

"ಉರೀತೈತಿ ಕಾಕಾ, ಇಳೀರಿ" ಎಂದೆ. ಅವನನ್ನು ನಾನು ಕಾಕಾ ಎಂದು ಕರೆದದ್ದು ಅದೇ ಮೊದಲು.

ಒಳಗಿನವನು ಹಗ್ಗ ಜಗ್ಗುವ ತನಕ ಮೇಲಿನವರು ಕಾಯಬೇಕು. ಅವನು ಜಗ್ಗಲೇ ಇಲ್ಲ. ಗಾಬರಿಯಾಗಿ ಇವರೇ ಎಳೆದರು. ಮೈಯೆಲ್ಲ ಅರಿಷಿಣ ಮೆತ್ತಿಕೊಂಡು ಮೇಲೆ ಬಂದ, ಉಸಿರಿರಲಿಲ್ಲ. ಜನ ಅವನನ್ನು ಸುತ್ತುಗಟ್ಟಿದಾಗ ನಾನು ಗೋಡೆಯ ಹಿಂದೆ ಹೋಗಿ ಕಂದೀಲು ಹಚ್ಚಿಕೊಂಡು ಬಂದೆ. ಕಾಗದದಲ್ಲಿ 'ದೀಪ ಉರಿಯುತ್ತಿತ್ತು' ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ದಿನಕರ್ಮ ಮುಗಿಸಿ ಅವನ ಹೆಂಡತಿ ಆಫೀಸಿಗೆ ಬಂದಳು. ಬಾಗಿಲ ಹತ್ತಿರ ನೆಲದ ಮೇಲೆ ಕುಳಿತು ಕೇಳಿದಳು: "ದೀಪ ನೀವ ನೋಡಿದ್ರಂತ. ಖರೇನ ಉರೀತಿತ್ತೇನ್ರಿ?"

"ಉರೀತಿತ್ತವ್ವಾ."

ಅವಳು ತನ್ನಷ್ಟಕ್ಕೇ ಹೇಳಿಕೊಂಡಳು: "ಹಂಗಾರ ಎದಿನ ನಿಂತಿರಬೇಕು. ಅವತ್ತ ಮುಂಜಾನೆ, ಎದಿ ಹಿಡದಂಗ ಆಗೇತಿ, ಇವತ್ತ ಹೋಗೂದಿಲ್ಲ ಅಂದಿದ್ರು. ಮೈಗಳ್ಳತನ ಮಾಡಬ್ಯಾಡ್ರಿ ಅಂತ ನಾನ ಬೈದು ಕಳಿಸಿದೆ. ನಾನ ಕೊಂದೆ ಅವರನ್ನ."

ಅಲ್ಲ ಎನ್ನಲು ನನಗೆ ಒಂದೇ ಮಾತು ಸಾಕಿತ್ತು. ಅಷ್ಟರಲ್ಲಿ ಮ್ಯಾನೇಜರ್ ಒಳಗಿನಿಂದ ಕರೆದರು. ನೌಕರಿ ಕಾಯಂ ಆದ ಕಾಗದ ಮುಂಬಯಿಯಿಂದ ಬಂದಿತ್ತು.

"ಕುಂದ್ರವ್ವಾ, ಬಂದೆ" ಎಂದು ಎದ್ದುಹೋದೆ. ಅವಳು ಸಂಜೆಯ ತನಕ ಕುಳಿತಿದ್ದಳಂತೆ. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿದ್ದೆ.