ಗೋಡೆಯ ಮೇಲಿನ ಏಳನೆಯ ಫೋಟೋ

ಬೀದಿಯವರೆಲ್ಲ ಪಂಕ್ಚರ್ ಅಕ್ಕ ಎಂದೇ ಕರೆಯುವ ಆ ಹೆಂಗಸು ಐವತ್ತೆಂಟನೆಯ ವಯಸ್ಸಿನಲ್ಲಿ ಎರಡು ದಿನ ಸೈಕಲ್ ತುಳಿದು ಕಡಲತೀರದ ಊರಿಗೆ ಹೋದಳು. ಮದುವೆಗೆ ಮುಂಚೆ ಆ ಊರಿನ ಮೀನು ಡಬ್ಬಿ ಕಾರ್ಖಾನೆಯಲ್ಲಿ ಅವಳು ಹನ್ನೊಂದು ವರ್ಷ ದುಡಿದಿದ್ದಳು. ಆಮೇಲೆ ಒಳನಾಡಿನ ಪೇಟೆ, ಗಂಡನ ಸೈಕಲ್ ಅಂಗಡಿ, ಅವನ ಪಕ್ಕ ಕೂತು ಕಲಿತ ರಿಪೇರಿ ಕೆಲಸ. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ. ಒಂದು ವಾರ ಮುಚ್ಚಿದ್ದ ಶಟರನ್ನು ತಾನೇ ಎತ್ತಿ, ಟ್ಯೂಬಿಗೆ ತೇಪೆ ಹಾಕಲು ಕೂತಳು.

ಆಗ ಹಳೆಯ ಗೆಳತಿಯರು ಯಾರೂ ಬರಲಿಲ್ಲ. ಸುದ್ದಿ ಮುಟ್ಟಿಲ್ಲವೇನೋ ಎಂದು ಸುಮ್ಮನಾಗಿದ್ದಳು. ಈಗ ತಾನೇ ಹೋಗಿ ನೋಡಿಬರೋಣ ಎನ್ನಿಸಿತು.

"ಬಸ್ಸಿದೆಯಲ್ಲಮ್ಮ, ಈ ವಯಸ್ಸಲ್ಲಿ ಯಾಕೀ ಹಟ?" ಎಂದಳು ಮಗಳು.

"ಊರವರ ಸೈಕಲ್ಲೆಲ್ಲ ರಿಪೇರಿ ಮಾಡಿದ್ದಾಯ್ತು. ನಾನೊಂದ್ಸಲ ದೂರ ತುಳೀಬಾರ್ದಾ?"

ಎರಡನೆಯ ದಿನ, ಶನಿವಾರ ಮಧ್ಯಾಹ್ನ ಊರು ಸೇರಿದಾಗ ತೊಡೆಗಳು ಕಲ್ಲಾಗಿದ್ದವು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಳೆಯ ಕೆಲಸಗಾರರ ಸಂಘ ಮಾತ್ರ ಬಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಶನಿವಾರ ಸೇರುತ್ತಿತ್ತು. ಅವಳು ಕೆಳಗೆ ಸೈಕಲ್ಲಿಗೆ ಬೀಗ ಹಾಕಿ ಮೆಟ್ಟಿಲು ಹತ್ತಿದಳು.

ಒಳಗೆ ನಾಲ್ಕೈದು ಹೆಂಗಸರಿದ್ದರು. ಅವರಲ್ಲಿ ಇಬ್ಬರು ಅವಳ ಜೀವದ ಗೆಳತಿಯರು: ಪಕ್ಕದಲ್ಲೇ ನಿಂತು ಮೀನು ಸೀಳುತ್ತಿದ್ದ ಉದ್ದಕ್ಕ, ಡಬ್ಬಿಗೆ ಚೀಟಿ ಅಂಟಿಸುತ್ತಿದ್ದುದರಿಂದ ಲೇಬಲ್ ಎಂದೇ ಹೆಸರಾದವಳು. ಲೇಬಲ್ ಈಗ ಸಂಘದ ಕಾರ್ಯದರ್ಶಿ. ಉದ್ದಕ್ಕ ಎದ್ದು ನಿಂತವಳು ಹಾಗೇ ಕುಸಿದು ಕೂತಳು. ಲೇಬಲ್ ಬಂದವಳನ್ನು ನೋಡಿದಳು, ಗೋಡೆಯನ್ನು ನೋಡಿದಳು.

ಗೋಡೆಯ ಮೇಲೆ 'ನಮ್ಮನ್ನು ಅಗಲಿದವರು' ಎಂಬ ಬರಹದ ಕೆಳಗೆ ಏಳು ಫೋಟೋಗಳಿದ್ದವು. ಏಳನೆಯದರಲ್ಲಿ ಕಾರ್ಖಾನೆಯ ಟೋಪಿ ಹಾಕಿಕೊಂಡು ನಗುತ್ತಿದ್ದವಳು ಪಂಕ್ಚರ್ ಅಕ್ಕ.

"ಇದೇನೇ ಇದು?"

"ನಿಮ್ಮೂರ ಕಡೆಯಿಂದ ಒಬ್ಬ ಲಾರಿಯವನು ಬಂದು ಹೇಳಿದ ಕಣೇ, 'ಸೈಕಲ್ ಅಂಗಡಿಯವರು ಹೋಗಿಬಿಟ್ರು' ಅಂತ," ಲೇಬಲ್ ತೊದಲಿದಳು. "ನಾವು ನೀನೇ ಅಂದ್ಕೊಂಡ್ವಿ."

"ಹೋಗಿದ್ದು ನನ್ನ ಗಂಡ."

ಪಂಕ್ಚರ್ ಅಕ್ಕ ಫೋಟೋದಿಂದ ಕಣ್ಣು ತೆಗೆದು ಅವರತ್ತ ತಿರುಗಿದಳು.

"ಸರಿ, ತಪ್ಪು ತಿಳ್ಕೊಂಡ್ರಿ. ನಾನೇ ಸತ್ತೆ ಅಂತ ತಿಳಿದ ಮೇಲಾದ್ರೂ ಒಬ್ಬಳು ಬಸ್ ಹತ್ತಬೇಕಿತ್ತಲ್ವಾ? ನನ್ನ ಮಗಳ ಮುಖ ನೋಡ್ಬೇಕು ಅಂತ ಒಬ್ಬಳಿಗೂ ಅನ್ನಿಸ್ಲಿಲ್ವಾ?"

"ಇಲ್ಲೇ ಸಭೆ ಮಾಡಿದ್ವಿ. ಎರಡು ನಿಮಿಷ ಎದ್ದು ನಿಂತ್ವಿ. ಪುಸ್ತಕದಲ್ಲೂ ಬರ್ದಿದೀನಿ, ಬೇಕಾದ್ರೆ ನೋಡು."

ಲೇಬಲ್ ಆ ಪುಸ್ತಕ ತೋರಿಸದಿದ್ದರೇ ಚೆನ್ನಾಗಿತ್ತು. 'ಮೃದು ಸ್ವಭಾವದವಳು, ಯಾರ ಎದುರೂ ದನಿ ಎತ್ತದವಳು, ಎಲ್ಲಕ್ಕೂ ಹೊಂದಿಕೊಂಡು ಹೋಗುತ್ತಿದ್ದವಳು' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಪಂಕ್ಚರ್ ಅಕ್ಕನ ಕಿವಿ ಕೆಂಪಾಯಿತು.

ಆ ಕಾರ್ಖಾನೆಯಲ್ಲಿ ಹೆಂಗಸರ ಪಾಯಿಖಾನೆಗೆ ಚಿಲಕವೇ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲಬೇಕಿತ್ತು. ಏಳು ತಿಂಗಳು ಕೇಳಿದರೂ ಮ್ಯಾನೇಜರು ನೋಡೋಣ ನೋಡೋಣ ಎನ್ನುತ್ತಲೇ ಇದ್ದ. ಒಂದು ದಿನ ಇವಳು ಸ್ಕ್ರೂಡ್ರೈವರ್ ಹಿಡಿದು ಹೋಗಿ, ಅವನು ಕುರ್ಚಿಯಲ್ಲಿ ಕೂತಿದ್ದಂತೆಯೇ ಅವನ ಕೋಣೆಯ ಚಿಲಕ ಬಿಚ್ಚಿ ತಂದು ಪಾಯಿಖಾನೆಯ ಬಾಗಿಲಿಗೆ ಜಡಿದಿದ್ದಳು. ಎಂಟು ದಿನ ಕೆಲಸದಿಂದ ಹೊರಗಿಟ್ಟರು. ಚಿಲಕ ಮಾತ್ರ ಅಲ್ಲೇ ಉಳಿಯಿತು.

"ಹೊಂದ್ಕೊಂಡು ಹೋಗೋಳಾ? ನಾನಾ?"

"ಸತ್ತವರ ಬಗ್ಗೆ ಒಳ್ಳೇದು ಬರೀಬೇಕು ಅಂತ..."

"ಆ ಚಿಲಕ ಒಳ್ಳೇದಲ್ವೇನೇ? ಅಷ್ಟು ವರ್ಷ ನೆಮ್ಮದಿಯಾಗಿ ಬಾಗಿಲು ಹಾಕ್ಕೊಂಡು ಕೂತವಳು ನೀನೇ ಅಲ್ವಾ!"

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಸ್ಟೂಲು ಎಳೆದು ಹತ್ತಿ ತನ್ನ ಫೋಟೋ ಕಿತ್ತಳು. ಪುಸ್ತಕದ ಆ ಸಾಲುಗಳನ್ನು ಹೊಡೆಸಿ, ಚಿಲಕದ ಕತೆಯನ್ನು ಲೇಬಲ್ ಕೈಯಿಂದಲೇ ಬರೆಸಿದಳು.

ಉದ್ದಕ್ಕ ಆಗಿನಿಂದಲೂ ಅಳುತ್ತಿದ್ದಳು. "ನಂಗೆ ಬರ್ಬೇಕು ಅನ್ನಿಸಿತ್ತು. ನೀನಿಲ್ದಿರೋ ಮನೆಗೆ ಬಂದು ಏನ್ ಮಾಡ್ಲಿ ಅಂತ ಭಯ ಆಯ್ತು."

"ಏನೂ ಮಾಡೋದು ಬೇಡಾಗಿತ್ತು. ನನ್ನ ಮಗಳ ಪಕ್ಕ ಸುಮ್ನೆ ಕೂತಿದ್ರೆ ಸಾಕಿತ್ತು."

ಆ ರಾತ್ರಿ ಪಂಕ್ಚರ್ ಅಕ್ಕ ಉದ್ದಕ್ಕನ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಇಬ್ಬರೂ ಮರಳಿನ ಮೇಲೆ ಬಹಳ ದೂರ ನಡೆದರು. ತಾನೂ ಹದಿನಾಲ್ಕು ವರ್ಷ ಈ ಕಡೆ ತಲೆ ಹಾಕಿರಲಿಲ್ಲವೆಂಬುದು ಪಂಕ್ಚರ್ ಅಕ್ಕನಿಗೆ ಗೊತ್ತಿತ್ತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ.

ಮರುತಿಂಗಳು ಉದ್ದಕ್ಕ ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತ ಬಸ್ಸಿನಲ್ಲಿ ಬಂದಳು. ಅಂಗಡಿಯ ಮುಂದೆ ನಿಂತವಳನ್ನು ಕಂಡು ಪಂಕ್ಚರ್ ಅಕ್ಕ, "ಎರಡು ವರ್ಷ ಬೇಕಾಯ್ತಾ ಈ ಬಸ್ ಹತ್ತೋಕೆ?" ಎಂದಳು. ಆಮೇಲೆ ಕೈಯ ಗ್ರೀಸು ಒರೆಸಿಕೊಂಡು ಅವಳ ಚೀಲ ಇಸಿದುಕೊಂಡು, ಮಗಳನ್ನು ಕೂಗಿದಳು.

ಲೇಬಲ್ ಬರಲಿಲ್ಲ, ಕಾಗದ ಬರೆದಳು. ಕ್ಷಮಿಸು ಎಂದಿತ್ತು, ಅದರ ಕೆಳಗೇ, ಏನೇ ಆದರೂ ಮೂಲ ತಪ್ಪು ಲಾರಿಯವನದು ಎಂದೂ ಇತ್ತು. ಪಂಕ್ಚರ್ ಅಕ್ಕ ಅದಕ್ಕೆ ಇವತ್ತಿನವರೆಗೂ ಉತ್ತರ ಬರೆದಿಲ್ಲ.